ಚಿಪ್‌ಗಳ ನಡುವಣ ವೇಗಸಂವಹನ ಮತ್ತು ವೋಲ್ಟೇಜಿನ ಮಟ್ಟಪಲ್ಲಟ

೧

ಮಧ್ಯ ರೈಲ್ವೆಯಲ್ಲಿ ಮಾಟುಂಗಾ ಮತ್ತು ಕುರ್ಲಾ ನಿಲ್ದಾಣಗಳ ನಡುವೆ ಇರುವ ಸಯನ್ ಎಂಬ ಸ್ಥಳದ ಮರಾಠಿ ಹೆಸರು ಶೀವ್. ಆ ಶಬ್ದಕ್ಕೆ ಎಲ್ಲೆ, ಸೀಮೆ ಎಂದು ಅರ್ಥ. ಮುಂಬಯಿ ದ್ವೀಪವು ಇಲ್ಲಿಗೆ ಮುಗಿದು, ಆಚೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ಸಾಷ್ಟಿ ದ್ವೀಪವು ಮೊದಲಾಗುತ್ತಿದ್ದುದರಿಂದ ಈ ಹೆಸರು ಸಾರ್ಥಕವಾಗಿತ್ತು. ಇಲ್ಲಿನ ಗುಡ್ಡದ ಮೇಲಿರುವ ಕೋಟೆಯು ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ, ೧೬೬೯ರಿಂದ ೧೬೭೭ರ ಅವಧಿಯಲ್ಲಿ, ಆ ಎಲ್ಲೆಯ ಮೇಲೆ ನಿರ್ಮಿತವಾದುದು.

ಎಲ್ಲೆಗಳು ರಾಜ್ಯಗಳಿಗೆ ಮಾತ್ರವಲ್ಲ, ವಿದ್ಯುತ್ತಿಗೂ ಉಂಟು. ೧೯೨೫ರ ಫೆಬ್ರವರಿ ೩ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಹಾರ್ಬರ್ ಮಾರ್ಗದಲ್ಲಿ ಭಾರತದ ಮೊದಲನೆಯ ವಿದ್ಯುತ್ ರೈಲು ಓಡಿದಾಗ ತಂತಿಯಲ್ಲಿದ್ದುದು ೧,೫೦೦ ವೋಲ್ಟಿನ ನೇರ ಪ್ರವಾಹ. ದೇಶದ ಉಳಿದ ಭಾಗಗಳಲ್ಲಿ ೧೯೫೦ರ ದಶಕದ ಕೊನೆಯಿಂದ ೨೫,೦೦೦ ವೋಲ್ಟಿನ ಪರ್ಯಾಯ ಪ್ರವಾಹದ ಪದ್ಧತಿಯು ಬೆಳೆದುಬಂದಿತಾಗಿ, ಮುಂಬಯಿಯ ಸುತ್ತಣ ಮಾರ್ಗಗಳು ಬಹುಕಾಲ ಹಳೆಯ ಪದ್ಧತಿಯ ಒಂದು ದ್ವೀಪದಂತೆ ಉಳಿದವು. ಎರಡು ಪದ್ಧತಿಗಳು ಕೂಡುವೆಡೆಯಲ್ಲಿ ಎಂಜಿನನ್ನೇ ಬದಲಿಸಬೇಕಾಗುತ್ತಿತ್ತು. ಇಲ್ಲವೆ ಎರಡಕ್ಕೂ ಒಗ್ಗುವ ಎಂಜಿನನ್ನು ಹೂಡಬೇಕಾಗುತ್ತಿತ್ತು. ಸಯನ್ನಿನ ಮೂಲಕ ಹಾದುಹೋಗುವ ಮುಖ್ಯ ಮಾರ್ಗವು ೨೦೧೫ರಲ್ಲಿಯೂ ಹಾರ್ಬರ್ ಮಾರ್ಗವು ೨೦೧೬ರಲ್ಲಿಯೂ ಹೊಸ ಪದ್ಧತಿಗೆ ಬಂದ ಮೇಲೆ ಈ ಎಲ್ಲೆ ಅಳಿಯಿತು.

ರೈಲುಮಾರ್ಗದಲ್ಲಿ ಅಳಿದ ಇಂಥ ಎಲ್ಲೆಯು ಮತ್ತೊಂದು ಕ್ಷೇತ್ರದಲ್ಲಿ ದಿನೇ ದಿನೇ ಹೆಚ್ಚುತ್ತಿದೆ. ಕಿಸೆಯಲ್ಲಿರುವ ಮೊಬೈಲ್ ಫೋನು, ಬ್ಯಾಂಕಿನ ಕಾರ್ಡನ್ನು ಓದುವ ಯಂತ್ರ, ಮೇಜಿನ ಮೇಲಣ ಗಣಕ, ಇವುಗಳಲ್ಲಿ ಯಾವುದನ್ನು ಬಿಚ್ಚಿ ನೋಡಿದರೂ ಅಂಗೈಯಗಲದ ಹಲಗೆಯ ಮೇಲೆ ಹತ್ತಾರು ಚಿಪ್‌ಗಳಿರುತ್ತವೆ. ಅವುಗಳಲ್ಲಿ ಒಂದು ೫ ವೋಲ್ಟಿನಲ್ಲಿ, ಒಂದು ೩.೩ ವೋಲ್ಟಿನಲ್ಲಿ, ಇನ್ನೊಂದು ೧.೮ ವೋಲ್ಟಿನಲ್ಲಿ, ಮತ್ತೊಂದು ಒಂದಕ್ಕಿಂತ ಕಡಿಮೆ ವೋಲ್ಟಿನಲ್ಲಿ ಕೆಲಸಮಾಡುತ್ತಿರಬಹುದು. ಆದರೂ ಅವು ಎಡೆಬಿಡದೆ ಒಂದರೊಡನೊಂದು ವ್ಯವಹರಿಸಬೇಕು. ಒಂದು ಚಿಪ್ಪಿನ ವೋಲ್ಟೇಜಿನಲ್ಲಿ ಹೊರಟ ಸಂಕೇತವನ್ನು ಮತ್ತೊಂದರ ವೋಲ್ಟೇಜಿಗೆ, ಅರ್ಥ ಕೆಡದಂತೆ, ತಲುಪಿಸುವ ಕಾರ್ಯವನ್ನು ಈ ಲೇಖನದಲ್ಲಿ ಮಟ್ಟಪಲ್ಲಟ ಎಂದು ಕರೆದಿದೆ.

ವೇಗವಾಗಿಯೂ ತಪ್ಪಿಲ್ಲದೆಯೂ ಮಾತನಾಡಬೇಕಾದರೆ ದೊಡ್ಡ ದನಿಯಲ್ಲಿ ಮಾತನಾಡಬೇಕು, ಅಂದರೆ ವೋಲ್ಟೇಜು ಹೆಚ್ಚಾಗಿರಬೇಕು, ಎಂಬುದು ಸಹಜವಾದ ಊಹೆ. ನಡೆದುದು ಇದಕ್ಕೆ ವಿರುದ್ಧ. ಕಳೆದ ಅರುವತ್ತು ವರ್ಷಗಳಲ್ಲಿ ಸಂವಹನದ ವೇಗವು ಲಕ್ಷಪಟ್ಟು ಏರಿದೆ. ವೋಲ್ಟೇಜು ಇಳಿಯುತ್ತಲೇ ಬಂದಿದೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿವರಿಸುವುದೇ ಇಲ್ಲಿನ ಉದ್ದೇಶ.

೨

ಗಣಕದ ಲೆಕ್ಕವೆಲ್ಲ ಒಂದು ಮತ್ತು ಸೊನ್ನೆ ಎಂಬ ಎರಡೇ ಅಂಕಗಳಲ್ಲಿ ನಡೆಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ತಂತಿಯೊಳಗೆ ಒಂದಾಗಲಿ ಸೊನ್ನೆಯಾಗಲಿ ಇರುವುದಿಲ್ಲ. ಅಲ್ಲಿರುವುದು ಏರಿಳಿಯುವ ವೋಲ್ಟೇಜು ಮಾತ್ರ. ಎಷ್ಟು ವೋಲ್ಟಿಗೆ ಒಂದು ಎನ್ನಬೇಕು, ಎಷ್ಟಕ್ಕೆ ಸೊನ್ನೆ ಎನ್ನಬೇಕು ಎಂಬುದು ಹೇಳುವ ಚಿಪ್ಪಿಗೂ ಕೇಳುವ ಚಿಪ್ಪಿಗೂ ನಡುವೆ ಇರುವ ಒಂದು ಒಪ್ಪಂದ.

೧೯೬೦ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಹೊರತಂದ, ಟಿ.ಟಿ.ಎಲ್. ಎಂಬ ಹೆಸರಿನ ೫ ವೋಲ್ಟಿನ ಚಿಪ್‌ಗಳ ಒಪ್ಪಂದವನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದರಂತೆ, ಹೇಳುವ ಚಿಪ್ಪು ಸೊನ್ನೆಯನ್ನು ಹೇಳುವಾಗ ೦.೪ ವೋಲ್ಟನ್ನು ಮೀರಕೂಡದು. ಒಂದನ್ನು ಹೇಳುವಾಗ ೨.೪ ವೋಲ್ಟಿಗೆ ಕಡಮೆಯಾಗಕೂಡದು. ಕೇಳುವ ಚಿಪ್ಪಿನ ಮೇಲಿರುವ ಕಟ್ಟು ಇದಕ್ಕಿಂತ ಉದಾರವಾದುದು: ೦.೮ ವೋಲ್ಟಿನವರೆಗೆ ಬಂದುದನ್ನೆಲ್ಲ ಅದು ಸೊನ್ನೆಯೆಂದೂ, ೨ ವೋಲ್ಟಿಗೆ ಮೇಲ್ಪಟ್ಟುದನ್ನೆಲ್ಲ ಒಂದೆಂದೂ ಗ್ರಹಿಸಬೇಕು. ಈ ಎರಡು ಕಟ್ಟುಗಳ ನಡುವಣ ೦.೪ ವೋಲ್ಟಿನ ಅಂತರವು ದಾರಿಯಲ್ಲಿ ಸೇರುವ ವಿದ್ಯುತ್ ಗದ್ದಲವನ್ನು ತಾಳಿಕೊಳ್ಳುವುದಕ್ಕಾಗಿ ಇಟ್ಟ ಮೀಸಲು. ಸಾಲದ ಮೊತ್ತಕ್ಕಿಂತ ಹೆಚ್ಚು ಬೆಲೆಯ ಒತ್ತೆಯನ್ನು ಬ್ಯಾಂಕು ಕೇಳುವುದು ಯಾವ ಕಾರಣಕ್ಕೋ ಆ ಕಾರಣಕ್ಕೇ ಈ ಅಂತರವನ್ನು ಇಟ್ಟಿದೆ. ಎರಡಕ್ಕೂ ಮಾರ್ಜಿನ್ ಎಂದೇ ಹೆಸರು.

೦.೮ಕ್ಕೂ ೨ಕ್ಕೂ ನಡುವೆ ಇರುವುದು ಯಾರಿಗೂ ಸೇರದ ನೆಲ. ಅಲ್ಲಿ ನಿಂತ ವೋಲ್ಟೇಜನ್ನು ಕೇಳುವ ಚಿಪ್ಪು ಒಮ್ಮೆ ಒಂದೆಂದೂ ಇನ್ನೊಮ್ಮೆ ಸೊನ್ನೆಯೆಂದೂ ತಿಳಿಯಬಹುದು. ಒಂದರಿಂದ ಸೊನ್ನೆಗೆ ಹೋಗುವಾಗ ಈ ನೆಲವನ್ನು ದಾಟದೆ ವಿಧಿಯಿಲ್ಲ. ಆದುದರಿಂದ ಅದನ್ನು ಆದಷ್ಟು ಬೇಗ ದಾಟಬೇಕು. ವೇಗಸಂವಹನದ ತೊಡಕುಗಳೆಲ್ಲ ಬಹುಮಟ್ಟಿಗೆ ಈ ದಾಟುವಿಕೆಯ ತೊಡಕುಗಳೇ ಎಂಬುದನ್ನು ಓದುಗರು ಮುಂದೆ ಕಾಣುವರು.

೩

ಎಲ್ಲ ಚಿಪ್‌ಗಳೂ ಒಂದೇ ವೋಲ್ಟೇಜಿನಲ್ಲಿ ಏಕೆ ಇರಬಾರದು ಎಂಬ ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಇದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಶಕ್ತಿಯ ವೆಚ್ಚ. ಪ್ರತಿಯೊಂದು ತಂತಿಯೂ ವಿದ್ಯುದಂಶವನ್ನು ಹಿಡಿದಿಡುವ ಒಂದು ಸಣ್ಣ ಪಾತ್ರೆಯಂತಿರುತ್ತದೆ. ಈ ಗುಣಕ್ಕೆ ಧಾರಕತೆಯೆಂದು ಹೆಸರು. ತಂತಿಯನ್ನು ಒಮ್ಮೆ ಏರಿಸಿ ಇಳಿಸುವುದಕ್ಕೆ ತಗಲುವ ಶಕ್ತಿಯು ಅದರ ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು. ೧೦ ಪಿಕೊಫ್ಯಾರಡ್ ಧಾರಕತೆಯ ಒಂದು ತಂತಿಯನ್ನು ೫ ವೋಲ್ಟಿನಲ್ಲಿ ಸೆಕೆಂಡಿಗೆ ೧೦ ಕೋಟಿ ಸಲ ಏರಿಳಿಸಿದರೆ ೨೫ ಮಿಲಿವಾಟ್ ವೆಚ್ಚವಾಗುತ್ತದೆ. ಅದೇ ತಂತಿಯನ್ನು ಅದೇ ವೇಗದಲ್ಲಿ ೧.೮ ವೋಲ್ಟಿನಲ್ಲಿ ಏರಿಳಿಸಿದರೆ ೩.೨೪ ಮಿಲಿವಾಟ್ ಸಾಕು. ಒಂದು ಚಿಪ್ಪಿನೊಳಗೆ ಇಂಥ ತಂತಿಗಳು ಕೋಟಿಗಟ್ಟಲೆ ಇರುವಾಗ ಈ ಉಳಿತಾಯವನ್ನು ಬಿಡುವ ಹಾಗಿಲ್ಲ.

ಎರಡನೆಯದು ರಕ್ಷಣೆ. ಟ್ರಾನ್ಸಿಸ್ಟರು ಕಿರಿದಾದಂತೆ ಅದರೊಳಗಿನ ಆಕ್ಸೈಡಿನ ನಿರೋಧಕ ಪದರವೂ ತೆಳುವಾಗಿ ಕೆಲವೇ ನ್ಯಾನೊಮೀಟರುಗಳಿಗೆ ಇಳಿಯಿತು. ಅಷ್ಟು ತೆಳುವಾದ ಪದರವು ೫ ವೋಲ್ಟನ್ನು ತಾಳಲಾರದು. ಅಳತೆ ಕುಗ್ಗಿದಂತೆ ವೋಲ್ಟೇಜೂ ಕುಗ್ಗಬೇಕೆಂಬ ಸೂತ್ರವನ್ನು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು ೧೯೭೪ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು.

ಆದರೆ ಎಲ್ಲವೂ ಒಟ್ಟಿಗೆ ಕುಗ್ಗುವುದಿಲ್ಲ. ಲೆಕ್ಕಮಾಡುವ ಚಿಪ್ಪು ತ್ವರಿತವಾಗಿ ಕುಗ್ಗುತ್ತದೆ. ಹೊರಲೋಕದೊಡನೆ ವ್ಯವಹರಿಸುವ ಭಾಗಗಳು ಹಿಂದಿನ ವೋಲ್ಟೇಜಿನಲ್ಲೇ ಉಳಿಯುತ್ತವೆ. ಸಯನ್ನಿಗೆ ಕೆಲವೇ ಮೈಲಿಗಳ ದೂರದಲ್ಲಿ, ಪವಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ರಚಿತವಾಗಿ ೨೦೧೯ರಲ್ಲಿ ಬೆಳಕಿಗೆ ಬಂದ ಅಜಿತ್ ಎಂಬ ಸಂಸ್ಕಾರಕವು ಚಂಡೀಗಢದ ಬಳಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ೧೮೦ ನ್ಯಾನೊಮೀಟರ್ ಪದ್ಧತಿಯಲ್ಲಿ ತಯಾರಾಯಿತು. ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಚಿಪ್ಪಿನ ಒಡಲಿಗೆ ೧.೮ ವೋಲ್ಟನ್ನೂ, ಹೊರಗಿನ ತಂತಿಗಳು ಬಂದು ಸೇರುವ ಅಂಚಿಗೆ ೩.೩ ವೋಲ್ಟನ್ನೂ ಒದಗಿಸುವುದು ವಾಡಿಕೆ. ಆದಕಾರಣ ಒಂದೇ ಚಿಪ್ಪಿನೊಳಗೂ ಒಂದು ಸೀಮೆಯಿದೆ. ಆ ಸೀಮೆಯುದ್ದಕ್ಕೂ ಮಟ್ಟವನ್ನು ಬದಲಿಸುವ ಮಂಡಲಗಳನ್ನು ಕಾವಲಿಗೆ ನಿಲ್ಲಿಸಿದಂತೆ ಜೋಡಿಸಿರುತ್ತಾರೆ.

ಬ್ಯಾಂಕಿನ ಕಾರ್ಡು ಇನ್ನೂ ಹತ್ತಿರದ ನಿದರ್ಶನ. ಕಾಂತಪಟ್ಟಿ ಮಾತ್ರವಿದ್ದ ಕಾರ್ಡುಗಳನ್ನು ೨೦೧೮ರ ಡಿಸೆಂಬರ್ ೩೧ರೊಳಗಾಗಿ ಚಿಪ್ ಉಳ್ಳ ಕಾರ್ಡುಗಳಿಗೆ ಬದಲಿಸಿಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತ್ತು. ಅಂಥ ಕಾರ್ಡುಗಳಿಗೆ ಅಂತರರಾಷ್ಟ್ರೀಯ ಮಾನಕವು ೫, ೩ ಮತ್ತು ೧.೮ ವೋಲ್ಟಿನ ಮೂರು ವರ್ಗಗಳನ್ನು ಗೊತ್ತುಮಾಡಿದೆ. ಒಂದು ವರ್ಗದ ವೋಲ್ಟೇಜಿಗೆ ಕಾರ್ಡು ಉತ್ತರ ಕೊಡದಿದ್ದರೆ, ಓದುವ ಯಂತ್ರವು ಪೂರೈಕೆಯನ್ನು ನಿಲ್ಲಿಸಿ, ತುಸು ತಡೆದು, ಬೇರೊಂದು ವರ್ಗವನ್ನು ಪ್ರಯತ್ನಿಸಬಹುದು. ಕಾರ್ಡಿನ ಹೊಂಬಣ್ಣದ ಬಿಲ್ಲೆಯಲ್ಲಿ ಮಾಹಿತಿಗಾಗಿ ಇರುವುದು ಒಂದೇ ಸಂಪರ್ಕಬಿಂದು. ಅಂಕಗಳು ಅದರ ಮೂಲಕ ಒಂದರ ಹಿಂದೊಂದು ಸಾಲುಗಟ್ಟಿ ಹೋಗುತ್ತವೆ. ಹೀಗೆ ಸಾಲಾಗಿ ಕಳುಹಿಸುವುದಕ್ಕೆ ಸರಣಿ ಸಂವಹನವೆಂದು ಹೆಸರು. ಯಂತ್ರದ ಸಂಸ್ಕಾರಕವು ತನ್ನದೇ ವೋಲ್ಟೇಜಿನಲ್ಲಿ ಇರುವುದರಿಂದ, ಕಾರ್ಡಿಗೂ ಅದಕ್ಕೂ ನಡುವೆ ಮಟ್ಟಪಲ್ಲಟ ಅನಿವಾರ್ಯ.

೪

ನಡುವೆ ಯಾವ ಮಂಡಲವನ್ನೂ ಇಡದೆ ಎರಡು ಚಿಪ್‌ಗಳನ್ನು ನೇರವಾಗಿ ಜೋಡಿಸಿದರೆ ಏನಾಗುತ್ತದೆ?

೧.೮ ವೋಲ್ಟಿನ ಚಿಪ್ಪು ಹೇಳಿ, ೩.೩ ವೋಲ್ಟಿನ ಚಿಪ್ಪು ಕೇಳಬೇಕೆಂದಿಟ್ಟುಕೊಳ್ಳೋಣ. ಕೇಳುವ ಚಿಪ್ಪಿನ ಹೊಸ್ತಿಲು ೨ ವೋಲ್ಟ್. ಹೇಳುವ ಚಿಪ್ಪು ತನ್ನ ಶಕ್ತಿಯನ್ನೆಲ್ಲ ವ್ಯಯಿಸಿದರೂ ೧.೮ನ್ನು ದಾಟಲಾರದು. ಅದು ಹೇಳಿದ ಒಂದು ಯಾರಿಗೂ ಸೇರದ ನೆಲದಲ್ಲೇ ನಿಂತುಬಿಡುತ್ತದೆ. ಇದರಲ್ಲಿ ಅಪಾಯವೇನೆಂದರೆ, ಒಂದು ದಿನ ಒಂದು ಉಷ್ಣಮಾನದಲ್ಲಿ ಅದು ಸರಿಯಾಗಿಯೇ ಕೇಳಿಸಬಹುದು, ಮರುದಿನ ಕೇಳಿಸದಿರಬಹುದು. ಪೂರಾ ಕೆಟ್ಟ ಯಂತ್ರಕ್ಕಿಂತ ಆಗಾಗ ಕೆಡುವ ಯಂತ್ರವನ್ನು ತಿದ್ದುವುದು ಕಷ್ಟ.

ಇದಕ್ಕೆ ವಿಪರ್ಯಾಯವಾಗಿ ೩.೩ ವೋಲ್ಟಿನ ಚಿಪ್ಪು ಹೇಳಿ, ೧.೮ ವೋಲ್ಟಿನದು ಕೇಳುವಾಗ ಅರ್ಥವೇನೋ ತಿಳಿಯುತ್ತದೆ. ಆದರೆ ಕೇಳುವುದರ ಕಿವಿಗೆ ಪೆಟ್ಟು. ಪ್ರತಿ ಸಂಪರ್ಕಬಿಂದುವಿನಲ್ಲಿಯೂ ರಕ್ಷಣೆಗಾಗಿ ಡಯೋಡುಗಳಿರುತ್ತವೆ. ಹೊರಗಿನ ವೋಲ್ಟೇಜು ಪೂರೈಕೆಯ ವೋಲ್ಟೇಜನ್ನು ಮೀರಿದಾಗ ಅವು ತೆರೆದುಕೊಂಡು, ಬರಬಾರದ ಪ್ರವಾಹವು ಚಿಪ್ಪಿನೊಳಕ್ಕೆ ನುಗ್ಗುತ್ತದೆ. ಕೆಲವು ವೇಳೆ ಅದು ಒಳಗಿನ ಪದರಗಳನ್ನು ಪರಸ್ಪರ ಸಿಕ್ಕಿಸಿ ಪೂರೈಕೆಯನ್ನು ನೆಲಕ್ಕೆ ಜೋಡಿಸಿದಂತೆ ಮಾಡಿ, ಚಿಪ್ಪನ್ನು ಸುಟ್ಟುಹಾಕುವುದೂ ಉಂಟು. ೫ ವೋಲ್ಟಿನ ಆರ್ಡುಯಿನೊ ಊನೊ ಹಲಗೆಯ ತಂತಿಯನ್ನು ೩.೩ ವೋಲ್ಟಿನ ರಾಸ್ಪ್‌ಬೆರಿ ಪೈ ಹಲಗೆಗೆ ನೇರವಾಗಿ ಸಿಕ್ಕಿಸಕೂಡದೆಂದು ಬೋಧಕರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದೇ ಕಾರಣದಿಂದ.

ಈ ಅಪಾಯವನ್ನು ತಪ್ಪಿಸಲು ಗಣಕಗಳ ರಚನಕಾರರು ಒಮ್ಮೆ ಬಡಗಿಯ ಉಪಾಯವನ್ನೇ ಹಿಡಿದರು. ೧೯೯೨ರಲ್ಲಿ ಬಂದ ಪಿ.ಸಿ.ಐ. ಎಂಬ ಜೋಡಣೆಯಲ್ಲಿ ೫ ವೋಲ್ಟಿನ ಕಾರ್ಡಿಗೆ ಒಂದು ಕಡೆ, ೩.೩ ವೋಲ್ಟಿನ ಕಾರ್ಡಿಗೆ ಇನ್ನೊಂದು ಕಡೆ ಕಚ್ಚು ಕೊರೆದಿರುತ್ತಿತ್ತು. ಸಲ್ಲದ ಕಾರ್ಡು ಸಂದಿನೊಳಕ್ಕೆ ಇಳಿಯುತ್ತಲೇ ಇರಲಿಲ್ಲ. ಎರಡೂ ಕಚ್ಚುಗಳಿದ್ದ ಕಾರ್ಡು ಎರಡು ಕಡೆಯೂ ಸಲ್ಲುತ್ತಿತ್ತು.

೫

ಮೊದಲ ತಲೆಮಾರಿನ ಸರಣಿ ಸಂವಹನವು ದೊಡ್ಡ ದನಿಯನ್ನೇ ನಂಬಿತ್ತು. ಅಮೆರಿಕದಲ್ಲಿ ೧೯೬೦ರಲ್ಲಿ ರೂಪುಗೊಂಡು, ೧೯೬೯ರಲ್ಲಿ ತನ್ನ ಪ್ರಸಿದ್ಧ ಆವೃತ್ತಿಯನ್ನು ಪಡೆದ ಆರ್.ಎಸ್.೨೩೨ ಮಾನಕದಲ್ಲಿ, ಋಣ ೩ರಿಂದ ಋಣ ೧೫ ವೋಲ್ಟಿನವರೆಗೆ ಇರುವುದು ಒಂದು. ಧನ ೩ರಿಂದ ಧನ ೧೫ರವರೆಗೆ ಇರುವುದು ಸೊನ್ನೆ. ರಂಗರಾಜನ್ ಸಮಿತಿಯು ೧೯೮೪ರಲ್ಲಿ ವರದಿ ಕೊಟ್ಟ ತರುವಾಯ ನಮ್ಮ ಬ್ಯಾಂಕುಗಳ ಶಾಖೆಗಳಿಗೆ ಬಂದ ಯಂತ್ರಗಳಲ್ಲಿ ಟರ್ಮಿನಲ್ಲುಗಳನ್ನೂ ಮುದ್ರಕಗಳನ್ನೂ ಇಂಥ ತಂತಿಯಿಂದ ಜೋಡಿಸುವುದು ವಾಡಿಕೆಯಾಗಿತ್ತು. ಒಳಗಿನ ಚಿಪ್‌ಗಳು ೫ ವೋಲ್ಟಿನವು. ತಂತಿ ಬೇಡುವುದು ಧನ ಮತ್ತು ಋಣ ವೋಲ್ಟೇಜು. ಮ್ಯಾಕ್ಸಿಮ್ ಸಂಸ್ಥೆಯು ೧೯೮೭ರಲ್ಲಿ ಹೊರತಂದ ಮ್ಯಾಕ್ಸ್ ೨೩೨ ಎಂಬ ಚಿಪ್ಪು ಈ ಅಂತರವನ್ನು ತುಂಬಿತು. ಅದು ಕೆಲವು ಸಣ್ಣ ಧಾರಕಗಳಲ್ಲಿ ವಿದ್ಯುದಂಶವನ್ನು ತುಂಬಿ, ಏತದಿಂದ ನೀರೆತ್ತುವಂತೆ ಎತ್ತಿ, ೫ ವೋಲ್ಟಿನಿಂದಲೇ ಧನ ೧೦ನ್ನೂ ಋಣ ೧೦ನ್ನೂ ಹುಟ್ಟಿಸುತ್ತಿತ್ತು.

ಈ ದೊಡ್ಡ ದನಿಗೆ ಬೆಲೆ ತೆರಬೇಕಾಯಿತು. ಆ ಮಾನಕದ ಪ್ರಕಾರ ವೋಲ್ಟೇಜು ಒಂದು ಮೈಕ್ರೊಸೆಕೆಂಡಿಗೆ ೩೦ ವೋಲ್ಟಿಗಿಂತ ವೇಗವಾಗಿ ಬದಲಾಗಕೂಡದು. ಬದಲಾದರೆ ಪಕ್ಕದ ತಂತಿಗಳಲ್ಲಿ ಗದ್ದಲವೆದ್ದೀತು. ವೇಗದ ಮೇಲಣ ಮಿತಿ ಸೆಕೆಂಡಿಗೆ ೨೦,೦೦೦ ಬಿಟ್. ಏರಬೇಕಾದ ಎತ್ತರ ಹೆಚ್ಚಿದಷ್ಟೂ ಏರುವುದಕ್ಕೆ ಬೇಕಾಗುವ ಕಾಲ ಹೆಚ್ಚುತ್ತದೆಂಬ ಸರಳ ನ್ಯಾಯವನ್ನು ಮೀರುವ ಹಾಗಿರಲಿಲ್ಲ.

೬

ಮಟ್ಟವನ್ನು ಇಳಿಸುವುದಕ್ಕೆ ಅತ್ಯಂತ ಸುಲಭವಾದ ಉಪಾಯವೆಂದರೆ ಎರಡು ರೋಧಕಗಳು. ೧೦ ಸಾವಿರ ಓಮ್ ಮತ್ತು ೧೨ ಸಾವಿರ ಓಮ್ ರೋಧಕಗಳನ್ನು ಸಾಲಾಗಿ ಜೋಡಿಸಿ ೩.೩ ವೋಲ್ಟನ್ನು ಹಾಯಿಸಿದರೆ, ಎರಡನೆಯದರ ಮೇಲೆ ಸರಿಯಾಗಿ ೧.೮ ವೋಲ್ಟ್ ದೊರೆಯುತ್ತದೆ. ಗಣಿತ ಸರಿ, ಕಾಲವನ್ನು ಲೆಕ್ಕಕ್ಕೆ ಹಿಡಿದರೆ ಸರಿಯಲ್ಲ. ಕೇಳುವ ಚಿಪ್ಪಿನ ಬಳಿ ೧೦ ಪಿಕೊಫ್ಯಾರಡ್ ಧಾರಕತೆ ಇದ್ದರೆ, ಈ ರೋಧಕಗಳ ಮೂಲಕ ಅದು ತುಂಬಿ ವೋಲ್ಟೇಜು ಏರುವುದಕ್ಕೆ ಸುಮಾರು ೧೨೦ ನ್ಯಾನೊಸೆಕೆಂಡು ಬೇಕು. ಸೆಕೆಂಡಿಗೆ ೧೦ ಲಕ್ಷ ಬಿಟ್ ಕಳುಹಿಸುವಾಗ ಒಂದೊಂದು ಬಿಟ್ಟಿಗೆ ೧,೦೦೦ ನ್ಯಾನೊಸೆಕೆಂಡು ಇರುವುದರಿಂದ ತೊಂದರೆಯಿಲ್ಲ. ಸೆಕೆಂಡಿಗೆ ೧೦ ಕೋಟಿ ಬಿಟ್ ಕಳುಹಿಸುವಾಗ ಒಂದು ಬಿಟ್ಟಿನ ಆಯುಸ್ಸು ೧೦ ನ್ಯಾನೊಸೆಕೆಂಡು. ವೋಲ್ಟೇಜು ಹೊಸ್ತಿಲನ್ನು ಮುಟ್ಟುವ ಮೊದಲೇ ಆ ಬಿಟ್ಟು ಮುಗಿದುಹೋಗಿರುತ್ತದೆ. ರೋಧಕಗಳನ್ನು ೧೦೦ ಮತ್ತು ೧೨೦ ಓಮಿಗೆ ಇಳಿಸಿದರೆ ಏರುವ ಕಾಲ ೧.೨ ನ್ಯಾನೊಸೆಕೆಂಡಿಗೆ ಬರುತ್ತದೆ. ಆದರೆ ಆಗ ತಂತಿ ಒಂದನ್ನು ಹೇಳುತ್ತಿರುವಷ್ಟು ಹೊತ್ತೂ ೧೫ ಮಿಲಿಆಂಪಿಯರ್ ಪ್ರವಾಹ ವ್ಯರ್ಥವಾಗಿ ಹರಿದು, ಒಂದೊಂದು ತಂತಿಗೂ ಸುಮಾರು ೫೦ ಮಿಲಿವಾಟ್ ಕಾವಾಗಿ ಹೋಗುತ್ತದೆ.

ಈ ಸಂಕಟ ಹೊಸದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಿರ್ಮಿತವಾಗಿ ೧೯೬೦ರಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರಾಕ್ ಗಣಕವು ಸುಮಾರು ೨,೭೦೦ ನಿರ್ವಾತ ನಳಿಕೆಗಳಿಂದ ಕೂಡಿದ್ದಿತು. ಆ ಕಾಲದ ನಳಿಕೆಗಣಕಗಳಲ್ಲಿ ಒಂದು ನಳಿಕೆಯ ಮಾತು ಹೊರಬರುತ್ತಿದ್ದುದು ನೂರಾರು ವೋಲ್ಟಿನ ಎತ್ತರದಲ್ಲಿ. ಮುಂದಿನ ನಳಿಕೆ ಅದನ್ನು ಕೇಳಬೇಕಾಗಿದ್ದುದು ಸೊನ್ನೆಯ ಆಸುಪಾಸಿನಲ್ಲಿ. ಆದಕಾರಣ ಅಲ್ಲಿಯೂ ರೋಧಕಗಳಿಂದ ಮಟ್ಟವನ್ನು ಇಳಿಸುವುದು ರೂಢಿಯಲ್ಲಿತ್ತು. ತಡವಾಗುವುದನ್ನು ನಿವಾರಿಸಲು ಎಂಜಿನಿಯರರು ರೋಧಕದ ಪಕ್ಕದಲ್ಲಿ ಒಂದು ಸಣ್ಣ ಧಾರಕವನ್ನು ಸೇರಿಸುತ್ತಿದ್ದರು. ಸ್ಥಿರವಾದ ವೋಲ್ಟೇಜು ಧಾರಕದ ಮೂಲಕ ಹೋಗಲಾರದು. ಬದಲಾವಣೆಯಾದರೋ ಕ್ಷಣಾರ್ಧದಲ್ಲಿ ದಾಟಿಹೋಗುತ್ತದೆ. ಹೀಗೆ ಸ್ಥಿತಿಯು ರೋಧಕದ ದಾರಿಯಲ್ಲಿ ನಿಧಾನವಾಗಿಯೂ, ಬದಲಾವಣೆಯು ಧಾರಕದ ದಾರಿಯಲ್ಲಿ ಶೀಘ್ರವಾಗಿಯೂ ತಲುಪುತ್ತಿದ್ದವು. ಸ್ಥಿತಿಗೂ ಬದಲಾವಣೆಗೂ ದಾರಿಗಳು ಬೇರೆಬೇರೆ ಎಂಬ ಈ ವಿವೇಕವನ್ನು ಓದುಗರು ನೆನಪಿನಲ್ಲಿಡಬೇಕು. ಇಂದಿನ ವೇಗಸಂವಹನದ ಬೀಜ ಅದರಲ್ಲಿದೆ.

೭

ರೋಧಕಗಳು ಮಟ್ಟವನ್ನು ಇಳಿಸಬಲ್ಲವೇ ಹೊರತು ಏರಿಸಲಾರವು. ಏರಿಸಲು ಟ್ರಾನ್ಸಿಸ್ಟರು ಬೇಕು.

ಫಿಲಿಪ್ಸ್ ಸಂಸ್ಥೆಯು ೧೯೮೨ರಲ್ಲಿ ರೂಪಿಸಿದ ಐ-ಸ್ಕ್ವೇರ್-ಸಿ ಎಂಬ ಎರಡು ತಂತಿಗಳ ಸಂವಹನದಲ್ಲಿ ಒಂದು ತಂತಿಗೆ ಒಂದೇ ಟ್ರಾನ್ಸಿಸ್ಟರು ಸಾಕಾಗುತ್ತದೆ. ಎರಡು ಬದಿಯ ತಂತಿಗಳನ್ನೂ ರೋಧಕಗಳು ತಂತಮ್ಮ ವೋಲ್ಟೇಜಿಗೆ ಎಳೆದು ನಿಲ್ಲಿಸಿರುತ್ತವೆ. ಯಾವುದಾದರೂ ಒಂದು ಚಿಪ್ಪು ತನ್ನ ಬದಿಯ ತಂತಿಯನ್ನು ನೆಲಕ್ಕೆ ಎಳೆದಾಗ ನಡುವಣ ಟ್ರಾನ್ಸಿಸ್ಟರು ತೆರೆದುಕೊಂಡು ಇನ್ನೊಂದು ಬದಿಯನ್ನೂ ನೆಲಕ್ಕೆ ಎಳೆಯುತ್ತದೆ. ಬಿಟ್ಟೊಡನೆ ಎರಡೂ ತಮ್ಮ ತಮ್ಮ ಎತ್ತರಕ್ಕೆ ಏರುತ್ತವೆ. ಯಾರು ಹೇಳುವವರು, ಯಾರು ಕೇಳುವವರು ಎಂದು ಮೊದಲೇ ಗೊತ್ತುಮಾಡಬೇಕಾಗಿಲ್ಲದಿರುವುದು ಇದರ ಸೊಗಸು. ಆದರೆ ಇಳಿಯುವಾಗ ಎಳೆಯುವುದು ಟ್ರಾನ್ಸಿಸ್ಟರು, ಏರುವಾಗ ಎತ್ತುವುದು ರೋಧಕ. ಆದುದರಿಂದ ಇಳಿತ ಚುರುಕು, ಏರಿಕೆ ಮಂದ. ಸೆಕೆಂಡಿಗೆ ಲಕ್ಷ ಅಥವಾ ನಾಲ್ಕು ಲಕ್ಷ ಬಿಟ್ಟುಗಳಿಗೆ ಇದು ಒಪ್ಪುತ್ತದೆ, ಕೋಟಿಗಳಿಗೆ ಒಪ್ಪದು.

ಚಿಪ್ಪಿನೊಳಗೆ ಬಳಸುವ ಮಂಡಲವು ಇನ್ನಷ್ಟು ಚುರುಕಾದುದು. ಅದರಲ್ಲಿ ಎರಡು ಟ್ರಾನ್ಸಿಸ್ಟರುಗಳು ಮೇಲಣ ವೋಲ್ಟೇಜಿಗೆ ಜೋಡಿಸಲ್ಪಟ್ಟು, ಒಂದರ ಕೊರಳು ಇನ್ನೊಂದರ ಕೈಯಲ್ಲಿ ಎಂಬಂತೆ ಅ‌ಡ್ಡಡ್ಡವಾಗಿ ಹೆಣೆದುಕೊಂಡಿರುತ್ತವೆ. ಕೆಳಗಿನ ವೋಲ್ಟೇಜಿನ ಸಂಕೇತವು ಬೇರೆರಡು ಟ್ರಾನ್ಸಿಸ್ಟರುಗಳ ಮೂಲಕ ಒಂದು ಬದಿಯನ್ನು ಕೆಳಕ್ಕೆ ಎಳೆದಾಗ ಎದುರು ಬದಿ ತಾನಾಗಿ ಮೇಲಕ್ಕೆ ಏರುತ್ತದೆ. ಆದರೆ ಒಂದು ಕ್ಷಣ ಮೇಲಣದಕ್ಕೂ ಕೆಳಗಣದಕ್ಕೂ ಹಗ್ಗಜಗ್ಗಾಟ ನಡೆಯದಿರದು. ಕೆಳಗಿನ ವೋಲ್ಟೇಜು ತೀರ ಕಡಮೆಯಾದರೆ ಕೆಳಗಣದು ಸೋಲಲೂಬಹುದು. ಗೆದ್ದರೂ, ಏರುವ ಕಾಲವೂ ಇಳಿಯುವ ಕಾಲವೂ ಸಮನಾಗಿರುವುದಿಲ್ಲ. ಇದರ ಫಲವಾಗಿ ಒಂದು ಎಂಬ ಅಂಕವು ತುಸು ಕಿರಿದಾಗಿಯೂ ಸೊನ್ನೆಯು ತುಸು ಹಿರಿದಾಗಿಯೂ ಹೊರಬೀಳಬಹುದು. ೧೦ ನ್ಯಾನೊಸೆಕೆಂಡಿನ ಬಿಟ್ಟಿನಲ್ಲಿ ೦.೨ ನ್ಯಾನೊಸೆಕೆಂಡಿನ ವ್ಯತ್ಯಾಸ ನೂರಕ್ಕೆ ಎರಡು ಪಾಲು, ೦.೪ ನ್ಯಾನೊಸೆಕೆಂಡಿನ ಬಿಟ್ಟಿನಲ್ಲಿ ಅದು ಅರ್ಧಕ್ಕರ್ಧ.

ಇಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗುವುದನ್ನು ಗಮನಿಸಬೇಕು. ನಿಧಾನದ ಸಂವಹನದಲ್ಲಿ ಮಟ್ಟಪಲ್ಲಟವೆಂದರೆ ಎಷ್ಟು ವೋಲ್ಟಿಗೆ ಏರಿತು ಎಂಬ ಪ್ರಶ್ನೆ. ವೇಗದ ಸಂವಹನದಲ್ಲಿ ಅದು ಯಾವಾಗ ಏರಿತು ಎಂಬ ಪ್ರಶ್ನೆ.

೮

ಇದರಿಂದ ಪಾರಾಗುವ ಮೊದಲನೆಯ ಹೆಜ್ಜೆಯೆಂದರೆ ಹೊಸ್ತಿಲನ್ನೇ ಕೈಬಿಡುವುದು. ಒಂದು ತಂತಿಯ ವೋಲ್ಟೇಜನ್ನು ನೆಲದಿಂದ ಅಳೆಯುವುದಕ್ಕೆ ಬದಲು, ಎರಡು ತಂತಿಗಳನ್ನು ಜೋಡಿಯಾಗಿ ಕಳುಹಿಸಿ, ಅವೆರಡರಲ್ಲಿ ಯಾವುದು ಮೇಲಿದೆ ಎಂದಷ್ಟೇ ಕೇಳುವುದು. ಮೊದಲನೆಯದು ಮೇಲಿದ್ದರೆ ಒಂದು, ಎರಡನೆಯದು ಮೇಲಿದ್ದರೆ ಸೊನ್ನೆ.

೧೯೯೦ರ ದಶಕದ ಮಧ್ಯಭಾಗದಲ್ಲಿ ಪ್ರಚಾರಕ್ಕೆ ಬಂದ ಎಲ್.ವಿ.ಡಿ.ಎಸ್. ಎಂಬ ಮಾನಕವು ಈ ತತ್ತ್ವದ ಮೇಲೆ ನಿಂತಿದೆ. ಇದರಲ್ಲಿ ಹೇಳುವ ಚಿಪ್ಪು ೩.೫ ಮಿಲಿಆಂಪಿಯರ್ ಪ್ರವಾಹವನ್ನು ಜೋಡಿತಂತಿಯ ಮೂಲಕ ಹಾಯಿಸುತ್ತದೆ. ಕೇಳುವ ಕೊನೆಯಲ್ಲಿ ೧೦೦ ಓಮಿನ ರೋಧಕವಿರುತ್ತದೆ. ಆದುದರಿಂದ ಅಲ್ಲಿ ಏಳುವ ವ್ಯತ್ಯಾಸ ೦.೩೫ ವೋಲ್ಟ್ ಮಾತ್ರ. ಕೇಳುವ ಚಿಪ್ಪಿಗೆ ೦.೧ ವೋಲ್ಟಿನ ವ್ಯತ್ಯಾಸವೂ ಸಾಕು. ಎರಡು ತಂತಿಗಳೂ ಪಕ್ಕಪಕ್ಕದಲ್ಲೇ ಸಾಗುವುದರಿಂದ ಹೊರಗಿನ ಗದ್ದಲವು ಎರಡರ ಮೇಲೂ ಸಮವಾಗಿ ಬೀಳುತ್ತದೆ. ವ್ಯತ್ಯಾಸವನ್ನು ತೆಗೆದಾಗ ಅದು ಕಳೆದುಹೋಗುತ್ತದೆ. ಎರಡು ಹಲಗೆಗಳ ನೆಲದ ಮಟ್ಟದಲ್ಲಿ ಒಂದು ವೋಲ್ಟಿನಷ್ಟು ಅಂತರವಿದ್ದರೂ ಸಂವಹನ ಕೆಡದು. ಹೇಳುವ ಚಿಪ್ಪಿನ ಪೂರೈಕೆ ಎಷ್ಟು, ಕೇಳುವುದರ ಪೂರೈಕೆ ಎಷ್ಟು ಎಂಬುದು ಇಲ್ಲಿ ಬಹುಮಟ್ಟಿಗೆ ಅಪ್ರಸ್ತುತ.

ಇಪ್ಪತ್ತು ವೋಲ್ಟುಗಳ ಏರಿಳಿತದಿಂದ ಸೆಕೆಂಡಿಗೆ ೨೦,೦೦೦ ಬಿಟ್ ಹೋಗುತ್ತಿದ್ದೆಡೆಯಲ್ಲಿ ೦.೩೫ ವೋಲ್ಟಿನಿಂದ ಸೆಕೆಂಡಿಗೆ ಕೋಟ್ಯಂತರ ಬಿಟ್ ಹೋಗತೊಡಗಿದುದರ ಗುಟ್ಟು ಇದೇ. ಏರಬೇಕಾದ ಎತ್ತರ ಕಡಮೆಯಾದುದರಿಂದ ಏರುವ ಕಾಲವೂ ವ್ಯಯವಾಗುವ ಶಕ್ತಿಯೂ ಕಡಮೆಯಾದವು. ಅಷ್ಟು ಮೆಲುದನಿಯನ್ನು ನಂಬುವುದಕ್ಕೆ ಸಾಧ್ಯವಾದುದು ಕೇಳುವ ರೀತಿ ಬದಲಾದುದರಿಂದ.

೯

ಎರಡನೆಯ ಹೆಜ್ಜೆ ಇನ್ನೂ ಧೀರವಾದುದು. ೨೦೦೩ರಲ್ಲಿ ಹೊರಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಜೋಡಿತಂತಿಯ ವೇಗ ಸೆಕೆಂಡಿಗೆ ೨೫೦ ಕೋಟಿ ಬಿಟ್. ಹಳೆಯ ಪಿ.ಸಿ.ಐ.ಯಲ್ಲಿ ೩೨ ತಂತಿಗಳು ಒಟ್ಟಾಗಿ ಸಾಗಿಸುತ್ತಿದ್ದ ಮಾಹಿತಿ ಸೆಕೆಂಡಿಗೆ ೧೩೩ ಮೆಗಾಬೈಟ್. ಇಲ್ಲಿ ಒಂದು ಜೋಡಿ ಹೋಗುವುದಕ್ಕೆ, ಒಂದು ಜೋಡಿ ಬರುವುದಕ್ಕೆ ಎಂದು ನಾಲ್ಕೇ ತಂತಿಗಳು, ಒಂದೊಂದು ದಿಕ್ಕಿಗೆ ೨೫೦ ಮೆಗಾಬೈಟನ್ನು ಸಾಗಿಸುತ್ತವೆ. ಒಂದು ಬಿಟ್ಟಿನ ಆಯುಸ್ಸು ೦.೪ ನ್ಯಾನೊಸೆಕೆಂಡು. ಹಲಗೆಯ ಮೇಲೆ ಸಂಕೇತವು ಒಂದು ನ್ಯಾನೊಸೆಕೆಂಡಿಗೆ ಸುಮಾರು ೧೫ ಸೆಂಟಿಮೀಟರ್ ಚಲಿಸುವುದರಿಂದ, ಒಂದು ಬಿಟ್ಟಿನ ಉದ್ದ ಸುಮಾರು ೬ ಸೆಂಟಿಮೀಟರ್. ಅಂದರೆ ಮೊದಲ ಬಿಟ್ಟು ಗುರಿ ಮುಟ್ಟುವ ಮುನ್ನವೇ ಮತ್ತೆರಡು ಮೂರು ಬಿಟ್ಟುಗಳು ದಾರಿಯಲ್ಲಿ ಹೊರಟಿರುತ್ತವೆ.

ಈ ದಾರಿಯ ನಡುವೆ, ಪ್ರತಿ ತಂತಿಯಲ್ಲಿಯೂ, ಸುಮಾರು ೧೦೦ ನ್ಯಾನೊಫ್ಯಾರಡಿನ ಒಂದು ಧಾರಕವನ್ನು ಸಾಲಾಗಿ ಕೂಡಿಸಿರುತ್ತಾರೆ. ನಳಿಕೆಗಳ ಕಾಲದಲ್ಲಿ ರೋಧಕದ ಪಕ್ಕದಲ್ಲಿದ್ದ ಧಾರಕವನ್ನು ಓದುಗರು ಇಲ್ಲಿ ಸ್ಮರಿಸಬಹುದು. ಇಲ್ಲಿ ರೋಧಕದ ದಾರಿಯನ್ನು ತೆಗೆದುಹಾಕಿ ಧಾರಕವನ್ನಷ್ಟೇ ಉಳಿಸಿದೆ. ಬದಲಾವಣೆ ಮಾತ್ರ ಆಚೆಗೆ ಹೋಗುತ್ತದೆ. ಸ್ಥಿರವಾದ ವೋಲ್ಟೇಜು ಇತ್ತಲೇ ನಿಲ್ಲುತ್ತದೆ. ಹೀಗಾಗಿ ಧಾರಕದ ಈಚೆಯ ಚಿಪ್ಪು ತನಗೆ ಬೇಕಾದ ಮಟ್ಟದಲ್ಲಿಯೂ ಆಚೆಯದು ತನಗೆ ಬೇಕಾದ ಮಟ್ಟದಲ್ಲಿಯೂ ನಿಶ್ಚಿಂತೆಯಿಂದ ಇರಬಹುದು. ಮಟ್ಟವನ್ನು ಪಲ್ಲಟಗೊಳಿಸುವ ಕೆಲಸವನ್ನು ಯಾರೂ ಮಾಡುತ್ತಿಲ್ಲ; ಮಟ್ಟವೆಂಬುದನ್ನೇ ಕಳುಹಿಸುತ್ತಿಲ್ಲ.

ಇದಕ್ಕೊಂದು ಆಕ್ಷೇಪವುಂಟು. ಬದಲಾವಣೆಯೇ ಇಲ್ಲದಿದ್ದರೆ? ತೆರೆದ ಹೊಸ ಖಾತೆಗಳ ಪುಟದಂತೆ ಬರಿಯ ಸೊನ್ನೆಗಳೇ ತುಂಬಿದ ಮಾಹಿತಿಯನ್ನು ಕಳುಹಿಸಬೇಕಾಗಿ ಬಂದಿತೆನ್ನೋಣ. ೧೦೦ ನ್ಯಾನೊಫ್ಯಾರಡಿನ ಧಾರಕವು ೧೦೦ ಓಮಿನ ದಾರಿಯಲ್ಲಿ ಸುಮಾರು ೧೦ ಮೈಕ್ರೊಸೆಕೆಂಡಿನಲ್ಲಿ ತನ್ನ ನೆನಪನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಅಷ್ಟು ಕಾಲದಲ್ಲಿ ೨೫,೦೦೦ ಬಿಟ್, ಎಂದರೆ ಸುಮಾರು ಮೂರು ಕಿಲೊಬೈಟ್, ಹೋಗಿರುತ್ತದೆ. ಅಷ್ಟು ಸೊನ್ನೆಗಳು ಸಾಲಾಗಿ ಬಂದರೆ ಆಚೆಯ ಚಿಪ್ಪಿಗೆ ಸೊನ್ನೆಯೋ ಒಂದೋ ತಿಳಿಯದಂತಾಗುತ್ತದೆ.

ಇದಕ್ಕೆ ಪರಿಹಾರವು ವಿದ್ಯುತ್ತಿನಿಂದ ಬರಲಿಲ್ಲ, ಲಿಪಿಯಿಂದ ಬಂದಿತು. ಐ.ಬಿ.ಎಂ. ಸಂಸ್ಥೆಯ ವಿಡ್ಮರ್ ಮತ್ತು ಫ್ರಾನಾಸ್ಜೆಕ್ ಎಂಬುವರು ೧೯೮೩ರಲ್ಲಿ ಪ್ರಕಟಿಸಿದ ಒಂದು ಸಂಕೇತಕ್ರಮದಲ್ಲಿ ಪ್ರತಿ ೮ ಬಿಟ್ಟುಗಳ ಬದಲಿಗೆ ೧೦ ಬಿಟ್ಟುಗಳನ್ನು ಬರೆಯಲಾಗುತ್ತದೆ. ಆ ಹತ್ತನ್ನು ಆಯ್ದುಕೊಂಡಿರುವ ರೀತಿ ಹೇಗಿದೆಯೆಂದರೆ, ಐದಕ್ಕಿಂತ ಹೆಚ್ಚು ಸೊನ್ನೆಗಳಾಗಲಿ ಒಂದುಗಳಾಗಲಿ ಎಂದಿಗೂ ಒಟ್ಟಿಗೆ ಬರುವುದಿಲ್ಲ. ಅಲ್ಲದೆ, ಒಟ್ಟಾರೆ ಒಂದುಗಳ ಸಂಖ್ಯೆಯೂ ಸೊನ್ನೆಗಳ ಸಂಖ್ಯೆಯೂ ಸದಾ ಸರಿತೂಗುತ್ತವೆ. ಒಂದು ಗುಂಪಿನಲ್ಲಿ ಒಂದುಗಳು ಹೆಚ್ಚಾದರೆ ಆ ಬಾಕಿಯನ್ನು ನೆನಪಿಟ್ಟು ಮುಂದಿನ ಗುಂಪಿನಲ್ಲಿ ತೀರಿಸಲಾಗುತ್ತದೆ. ಜಮೆ ಖರ್ಚುಗಳನ್ನು ಸರಿದೂಗಿಸುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಐದು ಬಿಟ್ಟುಗಳ ಕಾಲ ೨ ನ್ಯಾನೊಸೆಕೆಂಡು. ಅಷ್ಟರಲ್ಲಿ ಧಾರಕವು ಕಳೆದುಕೊಳ್ಳುವುದು ಹತ್ತು ಸಾವಿರದಲ್ಲಿ ಎರಡು ಪಾಲು ಮಾತ್ರ. ಇದಕ್ಕಾಗಿ ತೆರುವ ಸುಂಕವೆಂದರೆ ಹತ್ತರಲ್ಲಿ ಎರಡು ಬಿಟ್. ೨೦೧೦ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ೧೨೮ ಬಿಟ್ಟುಗಳಿಗೆ ೧೩೦ ಬರೆಯುವ ಬೇರೊಂದು ಕ್ರಮದಿಂದ ಈ ಸುಂಕವನ್ನೂ ಬಹಳ ಮಟ್ಟಿಗೆ ಇಳಿಸಿದರು.

ಇಷ್ಟೆಲ್ಲ ಇದ್ದರೂ ತಪ್ಪು ಸಂಪೂರ್ಣವಾಗಿ ಇಲ್ಲವಾಗುವುದಿಲ್ಲ. ಲಕ್ಷ ಕೋಟಿ ಬಿಟ್ಟುಗಳಿಗೆ ಒಂದು ತಪ್ಪನ್ನು ಈ ಮಾನಕವು ಕ್ಷಮಿಸುತ್ತದೆ. ಸೆಕೆಂಡಿಗೆ ೨೫೦ ಕೋಟಿಯಂತೆ ಎಣಿಸಿದರೆ, ಎಡೆಬಿಡದೆ ಓಡುವ ಒಂದು ಜೋಡಿತಂತಿಯಲ್ಲಿ ೪೦೦ ಸೆಕೆಂಡುಗಳಿಗೆ ಒಂದು ತಪ್ಪಿಗೆ ಎಡೆಯಿದೆ. ಆದುದರಿಂದ ಪ್ರತಿಯೊಂದು ಕಂತೆಯ ಕೊನೆಗೂ ತಾಳೆನೋಡುವ ಅಂಕಿಯೊಂದನ್ನು ಸೇರಿಸಿ, ತಾಳೆಯಾಗದ ಕಂತೆಯನ್ನು ಮರಳಿ ತರಿಸಿಕೊಳ್ಳುವ ಏರ್ಪಾಡಿದೆ. ತಪ್ಪಾಗದೆಂಬ ಭರವಸೆಗಿಂತ ತಪ್ಪನ್ನು ಹಿಡಿಯುವ ಕ್ರಮವು ಹೆಚ್ಚು ನಂಬಿಕೆಗೆ ಅರ್ಹವೆಂಬುದು ಲೆಕ್ಕಪತ್ರದ ಶಾಸ್ತ್ರಕ್ಕೂ ಸಮ್ಮತವಾದ ಮಾತು.

೧೦

ಹಳೆಯ ಉಪಾಯಗಳು ಇದರಿಂದ ನಿರುಪಯುಕ್ತವಾದವೆಂದು ತಿಳಿಯಬಾರದು. ಪಿ.ಸಿ.ಐ. ಎಕ್ಸ್‌ಪ್ರೆಸ್ಸಿನಲ್ಲಿ ಕೂಡ, ಎಚ್ಚರಿಸುವುದು, ಮೊದಲಿನಿಂದ ಆರಂಭಿಸಲು ಹೇಳುವುದು ಮೊದಲಾದ ನಿಧಾನದ ಸೂಚನೆಗಳು ೩.೩ ವೋಲ್ಟಿನ ಒಂಟಿ ತಂತಿಗಳಲ್ಲೇ ಸಾಗುತ್ತವೆ. ಅವುಗಳಿಗೆ ಬೇಕಾದೆಡೆ ಟ್ರಾನ್ಸಿಸ್ಟರಿನ ಮಟ್ಟಪಲ್ಲಟವನ್ನೇ ಬಳಸಬೇಕು. ಬ್ಯಾಂಕಿನ ಕಾರ್ಡು ಇಂದಿಗೂ ಒಂಟಿ ತಂತಿಯಲ್ಲೇ ಮಾತನಾಡುತ್ತದೆ. ಎರಡು ಚಿಪ್‌ಗಳನ್ನು ಜೋಡಿಸಹೊರಟವನು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಹೇಳುವುದರ ಅತಿ ಕಡಮೆಯ ಒಂದು, ಕೇಳುವುದರ ಹೊಸ್ತಿಲನ್ನು ಮಾರ್ಜಿನ್ ಸಹಿತವಾಗಿ ದಾಟುವುದೆ? ಹೇಳುವುದರ ಅತಿ ಹೆಚ್ಚಿನ ವೋಲ್ಟೇಜನ್ನು ಕೇಳುವುದು ತಾಳಬಲ್ಲುದೆ? ಒಂದು ಬಿಟ್ಟಿನ ಆಯುಸ್ಸಿನೊಳಗೆ ಈ ದಾಟುವಿಕೆ ಮುಗಿಯುವುದೆ? ಮೂರನೆಯ ಪ್ರಶ್ನೆಗೆ ಇಲ್ಲವೆಂದು ಉತ್ತರ ಬಂದಾಗ ಮಾತ್ರ ವ್ಯತ್ಯಾಸದ ಮಾರ್ಗವನ್ನೂ ಸಂಕೇತಕ್ರಮವನ್ನೂ ಹಿಡಿಯಬೇಕು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದದ್ದು ೧೯೮೫ರಲ್ಲಿ. ಅಂದಿನಿಂದ ಚಿಪ್‌ಗಳ ರಚನೆಯ ಕೆಲಸವು ಕನ್ನಡನಾಡಿನ ನೆಲದ ಮೇಲೆ ನಡೆಯುತ್ತ ಬಂದಿದೆ. ಆದರೆ ಆ ವಿದ್ಯೆಯ ಮಾತು ನಮ್ಮ ಭಾಷೆಗೆ ಇಳಿದಿರುವುದು ಅತ್ಯಲ್ಪ. ಹೊಸ್ತಿಲು, ಮಟ್ಟ, ಬಾಕಿ, ತಾಳೆ ಮೊದಲಾದ ನಮ್ಮ ಮನೆಯ ಮಾತುಗಳಿಂದಲೇ ಇದರ ಬಹುಭಾಗವನ್ನು ಹೇಳಬಹುದೆಂಬುದು ಈ ಲೇಖನವನ್ನು ಬರೆಯುವಾಗ ಅನುಭವಕ್ಕೆ ಬಂದಿತು. ಮುಂಬಯಿಯಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಈ ವಿದ್ಯೆಯನ್ನೇ ಓದುತ್ತಿದ್ದಾರೆ. ತಾವು ಕಾಲೇಜಿನಲ್ಲಿ ಕಲಿಯುವುದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳಲು ಅವರಿಗೂ, ಕೇಳಿ ತಿಳಿದುಕೊಳ್ಳಲು ಹಿರಿಯರಿಗೂ ಈ ಬರವಣಿಗೆಯಿಂದ ಒಂದಿಷ್ಟು ನೆರವಾದರೆ ಇದರ ಪ್ರಯೋಜನ ಸಿದ್ಧಿಸಿದಂತೆ.